ಕಾವೇರಿಯ ನೆರೆಯೂ ಬರವೂ

ಅಮರಕೋಶದಲ್ಲಿ ಭೂಮಿಯ ಭೇದಗಳನ್ನು ಹೇಳುವಲ್ಲಿ ನದೀಮಾತೃಕ, ದೇವಮಾತೃಕ ಎಂಬ ಎರಡು ಶಬ್ದಗಳು ಬರುತ್ತವೆ. ಹೊಳೆಯ ನೀರಿನಿಂದ ಪೈರು ಬೆಳೆಯುವ ನಾಡು ನದೀಮಾತೃಕವು. ಮಳೆಯನ್ನೇ ನಂಬಿ ಬಾಳುವ ನಾಡು ದೇವಮಾತೃಕವು. ಕಾವೇರಿಯ ಕಣಿವೆಯಲ್ಲಿ ಈ ಎರಡು ಬಗೆಯ ನಾಡುಗಳೂ ಒಂದೇ ಹೊಳೆಯ ದಡದಲ್ಲಿ ಇರುವುವು. ಮೈಸೂರು ಸೀಮೆಯ ಮೈದಾನವು ಬಹುಕಾಲ ಮುಗಿಲನ್ನೂ ಕೆರೆಯನ್ನೂ ನಂಬಿ ಬಾಳಿತು. ತಂಜಾವೂರು ಸೀಮೆಯು ಹೊಳೆಯನ್ನೇ ನಂಬಿತು. ಇನ್ನು ನಮ್ಮ ಪೂರ್ವಿಕರು ಎಣಿಸಿದ ಈತಿಬಾಧೆಗಳು ಆರು: ಅತಿವೃಷ್ಟಿ, ಅನಾವೃಷ್ಟಿ, ಇಲಿ, ಮಿಡಿತೆ, ಗಿಳಿ, ನೆರೆಯ ಅರಸರು. ಕಾವೇರಿಯ ಚರಿತ್ರೆಯನ್ನು ಓದುವವರಿಗೆ ಈ ಆರರಲ್ಲಿ ಮೊದಲಿನ ಎರಡೂ ಕಡೆಯದೊಂದೂ ಮತ್ತೆ ಮತ್ತೆ ಒಟ್ಟಿಗೆ ಕಾಣಬರುತ್ತವೆ.

ಈ ನದಿಯ ನೀರನ್ನು ಕುರಿತು ಕಳೆದ ನೂರಮೂವತ್ತು ವರ್ಷಗಳಲ್ಲಿ ಆದ ಕರಾರುಗಳೂ ತೀರ್ಪುಗಳೂ ಬಹುಮಟ್ಟಿಗೆ ನೀರಿನ ಪಾಲಿನ ಲೆಕ್ಕವನ್ನು ಹೇಳುವುವು. ಲೆಕ್ಕವನ್ನು ಮಾಡಬೇಕಾದರೆ ನಡುಮಟ್ಟದ ಒಂದು ಮೊತ್ತವನ್ನು ಹಿಡಿಯದೆ ಗತಿಯಿಲ್ಲ. ಆದರೆ ನಡುಮಟ್ಟದ ವರ್ಷದಲ್ಲಿ ಯಾರ ಮನೆಯೂ ಮುಳುಗುವುದಿಲ್ಲ, ಯಾರ ಪೈರೂ ಒಣಗುವುದಿಲ್ಲ. ಜನರ ಬಾಳನ್ನು ತಿರುವಿಹಾಕಿದುದು ಯಾವಾಗಲೂ ತುತ್ತತುದಿಯ ನೆರೆ, ಇಲ್ಲವೆ ತೀರ ತಳದ ಬರ. ಈ ಎರಡು ತುದಿಗಳು ಕಾಲಕಾಲಕ್ಕೆ ಹೇಗೆ ಬದಲಾದುವೆಂಬುದನ್ನು ನೋಡಿದರೆ ನದಿಯ ಚರಿತ್ರೆ ಬೇರೊಂದು ಬೆಳಕಿನಲ್ಲಿ ತೋರುತ್ತದೆ.

ಕೊಡಗಿನ ಬ್ರಹ್ಮಗಿರಿಯಲ್ಲಿ ತಲಕಾವೇರಿಯೆಂಬಲ್ಲಿ ಹುಟ್ಟಿ, ಸುಮಾರು ೮೦೦ ಕಿಲೋಮೀಟರು ಹರಿದು, ಈ ನದಿಯು ಪೂರ್ವಸಮುದ್ರವನ್ನು ಸೇರುತ್ತದೆ. ಇದಕ್ಕೆ ನೀರು ಕೊಡುವ ಭೂಮಿಯ ವಿಸ್ತಾರ ಸುಮಾರು ೮೧,೦೦೦ ಚದರ ಕಿಲೋಮೀಟರು. ಹಾರಂಗಿ, ಹೇಮಾವತಿ, ಲಕ್ಷ್ಮಣತೀರ್ಥ, ಕಪಿಲೆ, ಸುವರ್ಣಾವತಿ, ಶಿಂಷಾ, ಅರ್ಕಾವತಿ, ಇವು ಮೇಲಣ ಭಾಗದಲ್ಲಿಯೂ, ಭವಾನಿ, ನೊಯ್ಯಲ್, ಅಮರಾವತಿ, ಇವು ಕೆಳಗಣ ಭಾಗದಲ್ಲಿಯೂ ಬಂದು ಸೇರುವ ಹೊಳೆಗಳು. ಮೇಲಣ ಭಾಗಕ್ಕೆ ಆಷಾಢ ಶ್ರಾವಣಗಳ ನೈಋತ್ಯದ ಮಳೆ ಮುಖ್ಯವು. ಕೆಳಗಣ ಬಯಲಿಗೆ ಆಶ್ವಯುಜ ಕಾರ್ತಿಕಗಳ ಈಶಾನ್ಯದ ಮಳೆಯು ಹೆಚ್ಚು. ಆದುದರಿಂದ ತಂಜಾವೂರಿನ ರೈತನು ಜೂನ್ ಜುಲೈ ತಿಂಗಳುಗಳಲ್ಲಿ ತನ್ನ ತಲೆಯ ಮೇಲಿನ ಆಕಾಶವನ್ನು ನೋಡಿ ಪ್ರಯೋಜನವಿಲ್ಲ. ಅವನ ಮಳೆ ನೂರಾರು ಮೈಲಿ ದೂರದ ಸಹ್ಯಾದ್ರಿಯಲ್ಲಿ ಬೀಳಬೇಕು.

ಈ ಸಂಬಂಧವನ್ನು ಜನರು ಯಾವ ಯಂತ್ರವೂ ಇಲ್ಲದೆ ಬಲ್ಲವರಾಗಿದ್ದರು. ಕೊಡಗರು ಕಕ್ಕಡ ಮಾಸದ ಹದಿನೆಂಟನೆಯ ದಿನ ಮದ್ದುಸೊಪ್ಪಿನ ಪಾಯಸವನ್ನು ಮಾಡಿ ಉಣ್ಣುತ್ತಾರೆ. ಅದು ಮಳೆ ಬಿರುಸಾಗಿರುವ ಕಾಲ. ತಮಿಳು ನಾಡಿನವರು ಆಡಿ ಮಾಸದ ಹದಿನೆಂಟನೆಯ ದಿನ, ಎಂದರೆ ಅದೇ ಆಗಸ್ಟ್ ತಿಂಗಳ ಮೊದಲ ದಿನಗಳಲ್ಲಿ, ಆಡಿಪ್ಪೆರುಕ್ಕು ಎಂಬ ಹೆಸರಿನಿಂದ ತುಂಬಿ ಬರುವ ಹೊಳೆಗೆ ಪೂಜೆ ಮಾಡುತ್ತಾರೆ. ನದಿಯ ತಲೆಯಲ್ಲಿ ಮಳೆಯ ಹಬ್ಬ, ಬುಡದಲ್ಲಿ ಪ್ರವಾಹದ ಹಬ್ಬ. ಎರಡಕ್ಕೂ ಒಂದೇ ಎಣಿಕೆಯ ದಿನ. ಪ್ರವಾಹವು ಆ ಕಾಲದ ಜನರಿಗೆ ವಿಪತ್ತಿಗಿಂತ ಹೆಚ್ಚಾಗಿ ಭಾಗ್ಯವಾಗಿದ್ದಿತು. ಅದು ಹೊತ್ತು ತಂದ ಮೆಕ್ಕಲು ಮಣ್ಣೇ ಗದ್ದೆಯ ಗೊಬ್ಬರವಾಗಿದ್ದಿತು.

ಪ್ರಾಚೀನರ ಕಟ್ಟಡಗಳೂ ಇದೇ ತಿಳಿವಳಿಕೆಯನ್ನು ಸಾರುತ್ತವೆ. ತಿರುಚಿರಾಪಳ್ಳಿಯ ಬಳಿ ಕಾವೇರಿಯು ಎರಡಾಗಿ ಒಡೆದು, ಉತ್ತರದ ಕವಲು ಕೊಳ್ಳಿಡವೆಂದು ಹೆಸರಾಗುತ್ತದೆ. ಕೊಳ್ಳಿಡದ ಪಾತ್ರವು ತಗ್ಗು, ಕಾವೇರಿಯ ಪಾತ್ರವು ಎತ್ತರ. ಕರಿಕಾಲ ಚೋಳನು ಕಟ್ಟಿಸಿದನೆಂದು ಪ್ರಸಿದ್ಧವಾದ ಕಲ್ಲಣೆಯು ಬೇಸಾಯಕ್ಕೆ ಬೇಕಾದ ನೀರನ್ನು ಕಾವೇರಿಯಲ್ಲಿ ಉಳಿಸಿಕೊಂಡು, ಮಿಕ್ಕ ನೆರೆಯನ್ನು ಕೊಳ್ಳಿಡಕ್ಕೆ ಬಿಟ್ಟುಕೊಡುವ ಉಪಾಯ. ನೆರೆಗೆ ಒಂದು ದಾರಿ, ಬೆಳೆಗೆ ಒಂದು ದಾರಿ ಎಂಬುದು ಅದರ ತತ್ತ್ವ. ಕಾಲಕ್ರಮದಲ್ಲಿ ಕಾವೇರಿಯ ಪಾತ್ರವು ಹೂಳಿನಿಂದ ತುಂಬಿ, ಕೊಳ್ಳಿಡವು ಹೆಚ್ಚು ಹೆಚ್ಚು ನೀರನ್ನು ಸೆಳೆಯತೊಡಗಿದಾಗ, ಆರ್ಥರ್ ಕಾಟನ್ ಎಂಬ ಎಂಜಿನಿಯರು ೧೮೩೬ರಲ್ಲಿ ಕವಲಿನ ತಲೆಯಲ್ಲಿಯೇ, ಮುಕ್ಕೊಂಬು ಎಂಬಲ್ಲಿ, ಮೇಲಣೆಯನ್ನು ಕಟ್ಟಿಸಿದನು.

ಮೇಲಣ ನಾಡಿನವರೂ ಹೊಳೆಗೆ ಕಟ್ಟೆ ಹಾಕಲು ಹಿಂದಿನಿಂದಲೂ ಹವಣಿಸಿದವರೇ. ೧೭೦೦ರ ಸುಮಾರಿನಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು ಕಾವೇರಿಗೆ ಒಡ್ಡು ಹಾಕಿಸಲು, ಕೆಳಗೆ ನೀರಿಲ್ಲದಾಗಿ, ಮದುರೆಯ ರಾಣಿ ಮಂಗಮ್ಮಾಳೂ ತಂಜಾವೂರಿನ ಅರಸರೂ ಒಂದುಗೂಡಿ ಆ ಒಡ್ಡನ್ನು ಒಡೆಯಲು ದಂಡು ಕೂಡಿಸಿದರೆಂದೂ, ಅಷ್ಟರಲ್ಲಿ ಮಳೆ ಹೆಚ್ಚಿ ನದಿಯೇ ಅದನ್ನು ಕೊಚ್ಚಿಹಾಕಿತೆಂದೂ ಆ ಕಾಲದ ಜೆಸ್ವಿಟ್ ಪಾದ್ರಿಗಳ ಪತ್ರಗಳಿಂದ ತಿಳಿದುಬರುತ್ತದೆ. ಅನಾವೃಷ್ಟಿಯಿಂದ ಹುಟ್ಟಿದ ಜಗಳವನ್ನು ಅತಿವೃಷ್ಟಿಯು ತೀರಿಸಿದ ಈ ಕಥೆಯು ಮುಂದಿನ ಮುನ್ನೂರು ವರ್ಷಗಳಿಗೆ ಮೇಲ್ಪಂಕ್ತಿಯಂತಿದೆ.

ಬರದ ತುದಿಯು ಎಷ್ಟು ಕ್ರೂರವಾಗಬಲ್ಲುದೆಂಬುದನ್ನು ೧೮೭೬ರಿಂದ ೧೮೭೮ರ ವರೆಗಿನ ಮಹಾಕ್ಷಾಮವು ತೋರಿಸಿಕೊಟ್ಟಿತು. ೧೮೭೧ರ ಜನಗಣತಿಯಲ್ಲಿ ೫೦ ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿದ್ದಿತು. ದೇವಮಾತೃಕವಾದ ನಾಡು ಹೊಳೆಯ ಕಡೆಗೆ ಕೈ ಚಾಚಲು ಇದಕ್ಕಿಂತ ಬಲವಾದ ಕಾರಣ ಬೇಕಾಗಿರಲಿಲ್ಲ. ಆದರೆ ಹೊಳೆಯ ಕೆಳಗಿನವರಿಗೆ ಹಿಂದಿನಿಂದ ಬಂದ ಅನುಭೋಗವಿದ್ದಿತು. ೧೮೯೨ರಲ್ಲಿ ಮೈಸೂರಿಗೂ ಮದರಾಸಿಗೂ ಆದ ಕರಾರಿನಂತೆ ಹೊಸ ನೀರಾವರಿ ಕೆಲಸಗಳಿಗೆ ಮದರಾಸಿನ ಒಪ್ಪಿಗೆಯು ಅವಶ್ಯವಾಯಿತು. ೧೯೧೧ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸವು ಮೊದಲಾಗಲು ವಿವಾದವು ಬೆಳೆದು, ಪಂಚಾಯಿತಿಗೂ ಮೇಲ್ಮನವಿಗೂ ಹೋಗಿ, ಕಡೆಗೆ ೧೯೨೪ನೆಯ ಇಸವಿ ಫೆಬ್ರವರಿ ೧೮ನೆಯ ದಿನ ಎರಡನೆಯ ಕರಾರಿಗೆ ರುಜುವಾಯಿತು. ಯಾವ ತಿಂಗಳಲ್ಲಿ ಎಷ್ಟು ನೀರು ಕೆಳಕ್ಕೆ ಹೋಗಬೇಕೆಂಬುದು ಅದರಲ್ಲಿ ನಿರ್ಣಯವಾಯಿತು.

ಆ ರುಜುವಿನ ಮಸಿ ಒಣಗಿ ಐದು ತಿಂಗಳು ತುಂಬುವಷ್ಟರಲ್ಲಿ ಕಾವೇರಿಯು ತನ್ನ ಅಭಿಪ್ರಾಯವನ್ನು ಬೇರೆಯೇ ತಿಳಿಸಿತು. ೧೯೨೪ರ ಜುಲೈಯಲ್ಲಿ ಸಹ್ಯಾದ್ರಿಯ ದಕ್ಷಿಣಭಾಗದ ಮೇಲೆ ಬಿದ್ದ ಮಳೆಗೆ ಆಗಿನವರ ಅನುಭವದಲ್ಲಿ ಹೋಲಿಕೆಯಿರಲಿಲ್ಲ. ಮಲೆಯಾಳದವರು ಅದನ್ನು ತಮ್ಮ ಕೊಲ್ಲವರ್ಷ ೧೦೯೯ರ ಲೆಕ್ಕದಿಂದ ತೊಂಬತ್ತೊಂಬತ್ತರ ಪ್ರಳಯವೆಂದು ಇಂದಿಗೂ ಕರೆಯುತ್ತಾರೆ. ಪಶ್ಚಿಮಕ್ಕೆ ಇಳಿದ ನೀರು ಕೇರಳವನ್ನು ಮುಳುಗಿಸಿತು. ಪೂರ್ವಕ್ಕೆ ಇಳಿದುದು ಕಾವೇರಿ, ಕಪಿಲೆ, ಭವಾನಿಗಳಲ್ಲಿ ತುಂಬಿ ಬಂದಿತು. ಕನ್ನಂಬಾಡಿಯಲ್ಲಿ ಕೆಲಸವು ಇನ್ನೂ ಮುಗಿದಿರಲಿಲ್ಲ. ಮೆಟ್ಟೂರಿನಲ್ಲಿ ಪ್ರಾರಂಭವೇ ಆಗಿರಲಿಲ್ಲ. ಮೆಟ್ಟೂರಿನ ಬಳಿ ಆಗ ಸೆಕೆಂಡಿಗೆ ಹರಿದ ನೀರು ಸುಮಾರು ೪½ ಲಕ್ಷ ಘನ ಅಡಿ. ಈ ಅಂಕಿಯ ಅರ್ಥವು ವಾಚಕರಿಗೆ ಸ್ಪಷ್ಟವಾಗಬೇಕಾದರೆ ಒಂದು ಸಣ್ಣ ಗುಣಾಕಾರವನ್ನು ಮಾಡಬೇಕು. ಅಂತಹ ಪ್ರವಾಹವು ಒಂದು ಹಗಲು ಒಂದು ರಾತ್ರಿ ಹರಿದರೆ ಸುಮಾರು ೩೯ ಟಿ.ಎಂ.ಸಿ., ಎಂದರೆ ೩೯ ಶತಕೋಟಿ ಘನ ಅಡಿ ನೀರಾಗುತ್ತದೆ. ಇಂದಿನ ಕನ್ನಂಬಾಡಿ ಕಟ್ಟೆಯಲ್ಲಿ ಹಿಡಿಯುವ ನೀರು ಒಟ್ಟು ೪೯.೪೫ ಟಿ.ಎಂ.ಸಿ.; ಮೆಟ್ಟೂರಿನಲ್ಲಿ ೯೩.೪೭. ಪೂರ್ತಿಯಾಗಿ ಬರಿದಾದ ಮೆಟ್ಟೂರು ಜಲಾಶಯವೂ ಆ ನೆರೆಗೆ ಎರಡೂವರೆ ದಿನ ಎದುರು ನಿಲ್ಲಲಾರದು.

ಅಲ್ಲಿಂದ ಮುಂದಿನದು ಕಟ್ಟೆಗಳ ಯುಗ. ಕನ್ನಂಬಾಡಿಯ ಕಟ್ಟೆಯು ೧೯೩೦ರ ದಶಕದ ಪ್ರಾರಂಭದಲ್ಲಿ ಸಂಪೂರ್ಣವಾಯಿತು. ೧೯೨೫ರಲ್ಲಿ ಆರಂಭವಾದ ಮೆಟ್ಟೂರು ಕಟ್ಟೆಯು ೧೯೩೪ರಲ್ಲಿ ಮುಗಿಯಿತು. ಭವಾನಿಗೆ ೧೯೫೫ರಲ್ಲಿ, ಕಪಿಲೆಗೆ ೧೯೭೪ರಲ್ಲಿ, ಹೇಮಾವತಿಗೆ ಗೊರೂರಿನಲ್ಲಿ ೧೯೭೯ರಲ್ಲಿ, ಆಮೇಲೆ ಹಾರಂಗಿಗೆ ಕಟ್ಟೆಗಳಾದುವು. ಕರ್ನಾಟಕದ ನಾಲ್ಕು ದೊಡ್ಡ ಜಲಾಶಯಗಳಲ್ಲಿಯೇ ಸುಮಾರು ೧೧೪ ಟಿ.ಎಂ.ಸಿ. ನೀರು ನಿಲ್ಲುವಂತಾಯಿತು. ಇದರ ಫಲವಾಗಿ ಕೆಳಗಣ ಕಾವೇರಿಯ ಮಹಾಪೂರಗಳ ಎತ್ತರವು ತಗ್ಗುತ್ತ ಬಂದಂತೆ ಕಾಣುತ್ತದೆ. ೧೯೬೧ರ ನೆರೆಯಲ್ಲಿ ಮೆಟ್ಟೂರಿನ ಬಳಿ ಹರಿದುದು ಸುಮಾರು ೩ ಲಕ್ಷ ಘನ ಅಡಿ. ೨೦೦೫ರಲ್ಲಿಯೂ ೨೦೧೮ರಲ್ಲಿಯೂ ೨ ಲಕ್ಷವನ್ನು ಮೀರಿತಾದರೂ ೧೯೨೪ರ ಮಟ್ಟಕ್ಕೆ ಬಹು ದೂರವಿದ್ದಿತು. ಎರಡು ತಲೆಮಾರಿನವರು ದೊಡ್ಡ ನೆರೆಯನ್ನು ಕಾಣದೆ ಬೆಳೆದರು. ಹೊಳೆಯು ಬಿಟ್ಟುಹೋದ ಇಕ್ಕೆಲದ ಬಯಲುಗಳಲ್ಲಿ ತೋಟಗಳೂ ಬಡಾವಣೆಗಳೂ ಎದ್ದುವು. ನದಿಯ ಪಾತ್ರದಿಂದ ಮರಳನ್ನು ಮನಬಂದಂತೆ ತೆಗೆದುದರಿಂದ ಅದು ಹಲವೆಡೆ ಆಳವಾಗಿ ಕುಸಿಯಿತು.

ಇದೇ ಕಾಲದಲ್ಲಿ ಬರದ ತುದಿಯು ಮೇಲೆದ್ದು ಬಂದಿತು. ಬೇಸಾಯವು ಎರಡೂ ಕಡೆ ವಿಸ್ತಾರವಾದುದರಿಂದ, ಹಿಂದೆ ಸಾಧಾರಣವಾಗಿ ಸಾಗಿಹೋಗುತ್ತಿದ್ದ ಕಡಮೆ ಮಳೆಯ ವರ್ಷವೂ ಕಷ್ಟದ ವರ್ಷವಾಯಿತು. ೧೯೨೪ರ ಕರಾರಿನಲ್ಲಿ ಹೇಳಿದ ಐವತ್ತು ವರ್ಷಗಳು ೧೯೭೪ಕ್ಕೆ ಮುಗಿದುವು. ೧೯೯೦ರಲ್ಲಿ ನ್ಯಾಯಾಧಿಕರಣವು ನೇಮಕವಾಯಿತು. ೧೯೯೧ರ ಅದರ ಮಧ್ಯಂತರ ಆಜ್ಞೆಯಿಂದ ಎದ್ದ ಗಲಭೆಯಲ್ಲಿ ನಿರಪರಾಧಿಗಳಾದ ಅನೇಕರು ಮನೆಮಾರುಗಳನ್ನು ಕಳೆದುಕೊಂಡರು. ೨೦೦೭ರ ಫೆಬ್ರವರಿ ೫ರಂದು ಬಂದ ಕಡೆಯ ತೀರ್ಪಿನಲ್ಲಿ ನದಿಯ ಒಟ್ಟು ನೀರು ವರ್ಷಕ್ಕೆ ೭೪೦ ಟಿ.ಎಂ.ಸಿ. ಎಂದು ಹಿಡಿದು, ಮೂರು ರಾಜ್ಯಗಳಿಗೂ ಒಂದು ಕೇಂದ್ರಾಡಳಿತ ಪ್ರದೇಶಕ್ಕೂ ಪಾಲು ಮಾಡಿದರು. ಈ ೭೪೦ರ ಬೆನ್ನಿಗೆ ಒಂದು ವಿಶೇಷಣವಿದೆ: ಶೇಕಡಾ ೫೦ರ ಭರವಸೆಯ ನೀರು. ಎಂದರೆ ಸುಮಾರು ಅರ್ಧದಷ್ಟು ವರ್ಷಗಳಲ್ಲಿ ಅಷ್ಟು ನೀರು ಬರುತ್ತದೆ, ಉಳಿದ ಅರ್ಧದಲ್ಲಿ ಬರುವುದಿಲ್ಲ. ಬಾರದ ವರ್ಷದಲ್ಲಿ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ತಗ್ಗಬೇಕೆಂದೂ ತೀರ್ಪಿನಲ್ಲಿ ಹೇಳಿದೆ. ವಚನವು ನ್ಯಾಯವಾದುದೇ. ಆದರೆ ೨೦೦೨, ೨೦೧೨, ೨೦೧೬ನೆಯ ಇಸವಿಗಳಲ್ಲಿ ಕಂಡುಬಂದಂತೆ, ಯಾವ ದಿನ, ಎಷ್ಟು ಕಡಮೆಯೆಂಬುದನ್ನು ಒಪ್ಪಿಕೊಳ್ಳುವಷ್ಟರಲ್ಲಿ ಪೈರು ಒಣಗಿಹೋಗುತ್ತದೆ. ಮೆಟ್ಟೂರಿನಿಂದ ಜೂನ್ ೧೨ರಂದು ನೀರು ಬಿಡುವ ಸಂಪ್ರದಾಯವು ೨೦೧೨ರಿಂದ ೨೦೧೯ರ ವರೆಗೆ ಒಂದು ವರ್ಷವೂ ನಡೆಯಲಿಲ್ಲ.

ಹೊಳೆಯು ಬತ್ತುವುದಕ್ಕೆ ಮಳೆಯ ಕೊರತೆಯೊಂದೇ ಕಾರಣವೆಂದು ಭಾವಿಸುವವರು ಅರ್ಕಾವತಿಯ ಕಥೆಯನ್ನು ನೋಡಬೇಕು. ಬೆಂಗಳೂರಿಗೆ ೧೮೯೪ರಲ್ಲಿ ಹೆಸರಘಟ್ಟದ ಕೆರೆಯಿಂದಲೂ ೧೯೩೩ರಿಂದ ತಿಪ್ಪಗೊಂಡನಹಳ್ಳಿಯ ಜಲಾಶಯದಿಂದಲೂ ಕುಡಿಯುವ ನೀರನ್ನು ಕೊಟ್ಟದ್ದು ಈ ಸಣ್ಣ ಹೊಳೆಯೇ. ಇಂದು ಅದರ ಮೇಲಣ ಪಾತ್ರದಲ್ಲಿ ವರ್ಷದ ಬಹುಭಾಗ ನೀರೇ ಇಲ್ಲ. ಇದನ್ನು ಪರಿಶೀಲಿಸಿ ೨೦೧೫ರಲ್ಲಿ ವಿದ್ವಾಂಸರು ಪ್ರಕಟಿಸಿದ ಲೇಖನದಂತೆ, ಮಳೆಯು ತಗ್ಗಿದುದು ಇದಕ್ಕೆ ಕಾರಣವಲ್ಲ. ಕೊಳವೆಬಾವಿಗಳಿಂದ ಅಂತರ್ಜಲವನ್ನು ಎತ್ತಿದುದೂ ನೀಲಗಿರಿ ಮರಗಳ ತೋಪುಗಳೂ ಮುಖ್ಯ ಕಾರಣಗಳು. ನೆಲದೊಳಗಿನ ನೀರು ಹೊಳೆಯ ಪಾತ್ರಕ್ಕಿಂತ ಮೇಲಿದ್ದಾಗ ಅದು ಒಸರಿ ಹೊಳೆಯನ್ನು ಬೇಸಗೆಯಲ್ಲಿಯೂ ಜೀವಂತವಾಗಿಡುತ್ತದೆ. ನೂರಾರು ಅಡಿ ಕೆಳಕ್ಕೆ ಇಳಿದಾಗ ಬಿದ್ದ ಮಳೆಯನ್ನೇ ನೆಲವು ಹೀರಿಕೊಳ್ಳುತ್ತದೆ. ತನ್ನ ಹೊಳೆಯನ್ನು ಕಳೆದುಕೊಂಡ ಬೆಂಗಳೂರು ೧೯೭೪ರಿಂದ ಕಾವೇರಿಯನ್ನೇ ನೂರು ಕಿಲೋಮೀಟರು ದೂರದಿಂದ ಏರಿಸಿ ತರಿಸಿಕೊಳ್ಳುತ್ತಿದೆ. ಹೀಗೆ ಒಂದು ಉಪನದಿಯ ಬರವು ಮೂಲನದಿಯ ಮೇಲಿನ ಹೊರೆಯಾಯಿತು.

೨೦೧೮ನೆಯ ಇಸವಿಯಲ್ಲಿ ಚರಿತ್ರೆಯು ತನ್ನ ಹಳೆಯ ಪಾಠವನ್ನು ಮತ್ತೊಮ್ಮೆ ಓದಿಸಿತು. ಆ ವರ್ಷ ಫೆಬ್ರವರಿ ೧೬ರಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲನ್ನು ೨೭೦ರಿಂದ ೨೮೪.೭೫ ಟಿ.ಎಂ.ಸಿ.ಗೆ ಏರಿಸಿ, ತಮಿಳುನಾಡಿನ ಪಾಲನ್ನು ಅಷ್ಟೇ ಇಳಿಸಿ, ವಿವಾದಕ್ಕೆ ಮುಕ್ತಾಯವನ್ನು ಹೇಳಿತು. ೧೯೨೪ರಲ್ಲಿ ಆದಂತೆಯೇ ಇಲ್ಲಿಯೂ ಫೆಬ್ರವರಿಯ ಕಾಗದವು ಕೊರತೆಯ ಹಂಚಿಕೆಯನ್ನು ಹೇಳಿತು. ಅಂದಿನಂತೆಯೇ ಬಂದ ಮಳೆಗಾಲವು ಪ್ರವಾಹವನ್ನು ತಂದಿತು. ಜುಲೈ ತಿಂಗಳಲ್ಲಿಯೇ ಜಲಾಶಯಗಳು ತುಂಬಿದುವು. ಮೆಟ್ಟೂರಿನ ನೀರು ಜುಲೈ ೨೩ರಂದು ೧೨೦ ಅಡಿಯ ಪೂರ್ಣಮಟ್ಟವನ್ನು ಮುಟ್ಟಿತು. ಅನಂತರ ಆಗಸ್ಟ್ ನಡುವಿನಲ್ಲಿ ಕೊಡಗಿನಲ್ಲಿಯೂ ಕೇರಳದಲ್ಲಿಯೂ ಮಹಾವೃಷ್ಟಿಯಾಯಿತು. ಮಡಿಕೇರಿಯ ಸುತ್ತಣ ಗುಡ್ಡಗಳು ಜರಿದು ಸಾವಿರಾರು ಜನರು ಮನೆ ಬಿಟ್ಟು ಬಂದರು. ತುಂಬಿದ ಕಟ್ಟೆಗಳಿಗೆ ಬಂದ ನೀರನ್ನು ಬಂದಹಾಗೆ ಬಿಡದೆ ಬೇರೆ ದಾರಿಯಿರಲಿಲ್ಲ. ಕೊಳ್ಳಿಡಕ್ಕೆ ೧೯೨೮ರಲ್ಲಿ ಕಟ್ಟಿದ್ದ ಸೇತುವೆಯ ಒಂದು ಭಾಗವು ಆಗಸ್ಟ್ ತಿಂಗಳಲ್ಲಿ ಕುಸಿಯಿತು. ಅದೇ ತಿಂಗಳ ೨೨ರಂದು, ೧೮೨ ವರ್ಷ ನಿಂತಿದ್ದ ಮುಕ್ಕೊಂಬಿನ ಅಣೆಯ ಒಂಬತ್ತು ಬಾಗಿಲುಗಳು ಕೊಚ್ಚಿಹೋದುವು.

ಇಲ್ಲಿ ನಿಂತು ವಿಚಾರಿಸಬೇಕಾದ ಸಂಗತಿಯೊಂದುಂಟು. ೧೯೨೪ರ ೪½ ಲಕ್ಷ ಘನ ಅಡಿಯ ಪ್ರವಾಹದ ಕಾಲವನ್ನೂ ಕಳೆದು ಬದುಕಿದ್ದ ಅಣೆಯು ಅದರ ಅರ್ಧಕ್ಕೆ ಸಮೀಪವಾದ ನೀರಿಗೆ ಮುರಿದುಹೋಯಿತು. ವಯಸ್ಸಾದ ಕಟ್ಟಡವೆಂಬುದು ನಿಜ. ಮರಳು ತೆಗೆದು ಪಾತ್ರವು ತಗ್ಗಾದುದರಿಂದ ಬುಡವು ಸಡಿಲವಾಯಿತೆಂದು ಹೇಳಿದವರೂ ಬಹಳ ಮಂದಿ. ಅಂತೂ ನೆರೆಯ ಅಳತೆಯು ಇಳಿದ ಮಾತ್ರಕ್ಕೆ ನೆರೆಯ ಅಪಾಯವು ಇಳಿಯಲಿಲ್ಲವೆಂಬುದು ಸಿದ್ಧವಾಯಿತು. ಅಪಾಯವನ್ನು ನಿರ್ಣಯಿಸುವುದು ನೀರಿನ ಜೊತೆಗೆ ದಡದ ಸ್ಥಿತಿಯೂ ಹೌದು.

ಮಾರನೆಯ ವರ್ಷವೇ ಇನ್ನೊಂದು ಪಾಠವು ದೊರೆಯಿತು. ೨೦೧೯ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ನಂಜನಗೂಡಿಗೆ ನುಗ್ಗಿತು. ಮೆಟ್ಟೂರಿಗೆ ಬಂದ ಒಳಹರಿವು ೨ ಲಕ್ಷ ಘನ ಅಡಿಯನ್ನು ದಾಟಿತು. ಆದರೆ ಈ ಸಲ ಮೆಟ್ಟೂರು ಜಲಾಶಯವು ಬಹುಮಟ್ಟಿಗೆ ಬರಿದಾಗಿದ್ದಿತು. ಸುಮಾರು ೫೫ ಅಡಿಯಿದ್ದ ನೀರು ಒಂದು ವಾರದೊಳಗೆ ೧೦೦ ಅಡಿಗೆ ಏರಿ, ನೆರೆಯ ಮೊದಲ ಹೊಡೆತವೆಲ್ಲವೂ ಅದರ ಹೊಟ್ಟೆಯೊಳಗೆ ಅಡಗಿತು. ಕೆಳಗಿನ ಊರುಗಳಿಗೆ ಹಿಂದಿನ ವರ್ಷದ ಭಯವು ತಪ್ಪಿತು. ಕಟ್ಟೆಯು ನೆರೆಯನ್ನು ತಡೆಯುವುದು ಅದರಲ್ಲಿ ಖಾಲಿಯಿರುವ ಜಾಗದಿಂದ. ಬರವನ್ನು ತಡೆಯುವುದು ಅದರಲ್ಲಿ ತುಂಬಿರುವ ನೀರಿನಿಂದ. ಒಂದೇ ಪಾತ್ರೆಯನ್ನು ಒಂದೇ ಕಾಲದಲ್ಲಿ ತುಂಬಿಯೂ ಇಡಬೇಕು, ಬರಿದಾಗಿಯೂ ಇಡಬೇಕು ಎಂಬ ಈ ಸಂಕಟವೇ ಕಾವೇರಿಯ ಈಗಿನ ಸಮಸ್ಯೆಯ ಮೂಲವು. ಬರದ ಹೆದರಿಕೆ ಇರುವ ತನಕ ಯಾವ ಅಧಿಕಾರಿಯೂ ಜುಲೈಯಲ್ಲಿ ಕೈಗೆ ಬಂದ ನೀರನ್ನು ಆಗಸ್ಟಿನ ಮಳೆಯನ್ನು ನಂಬಿ ಬಿಟ್ಟುಬಿಡಲಾರನು. ಬಿಟ್ಟ ಮೇಲೆ ಮಳೆ ಬಾರದಿದ್ದರೆ ಅವನನ್ನು ಕ್ಷಮಿಸುವವರು ಯಾರೂ ಇಲ್ಲ.

ಮಳೆಯ ಸ್ವಭಾವವೂ ನಿಂತಲ್ಲಿ ನಿಂತಿಲ್ಲ. ಗಾಳಿಯು ಒಂದು ಡಿಗ್ರಿ ಸೆಂಟಿಗ್ರೇಡು ಬಿಸಿಯೇರಿದರೆ ಶೇಕಡಾ ೭ರಷ್ಟು ಹೆಚ್ಚು ತೇವವನ್ನು ಹೊರಬಲ್ಲುದೆಂಬುದು ಭೌತಶಾಸ್ತ್ರದ ನಿಯಮ. ಹಾಗೆ ಹೊತ್ತ ನೀರು ಬೀಳುವಾಗ ಒಟ್ಟಿಗೆ ಬೀಳುತ್ತದೆ. ಬೀಳದಿರುವಾಗ ಬಿಸಿಲು ಮೊದಲಿಗಿಂತ ಬೇಗ ನೆಲವನ್ನು ಒಣಗಿಸುತ್ತದೆ. ೨೦೨೦ರ ಆಗಸ್ಟಿನಲ್ಲಿ ನದಿಯ ಹುಟ್ಟುನೆಲೆಯಾದ ಬ್ರಹ್ಮಗಿರಿಯೇ ಜರಿದು ತಲಕಾವೇರಿಯ ಅರ್ಚಕರ ಮನೆಯು ಮಣ್ಣಿನಲ್ಲಿ ಹೂತುಹೋಯಿತು. ಮೂರು ವರ್ಷ ಕಳೆದು, ೨೦೨೩ರ ಆಗಸ್ಟ್ ತಿಂಗಳು ಭಾರತದಲ್ಲಿ ೧೯೦೧ರಿಂದ ಈಚೆಗೆ ಅತ್ಯಂತ ಕಡಮೆ ಮಳೆಯ ಆಗಸ್ಟ್ ಆಯಿತು. ಕನ್ನಂಬಾಡಿ ತುಂಬಲಿಲ್ಲ, ಮೆಟ್ಟೂರಿನ ಬಾಗಿಲುಗಳನ್ನು ಅಕ್ಟೋಬರಿನಲ್ಲಿಯೇ ಮುಚ್ಚಬೇಕಾಯಿತು, ೨೦೨೪ರ ಬೇಸಗೆಯಲ್ಲಿ ಬೆಂಗಳೂರಿನ ಜನರು ಕೊಡ ಹಿಡಿದು ಟ್ಯಾಂಕರುಗಳ ಮುಂದೆ ನಿಂತರು. ಅದೇ ವರ್ಷದ ಜುಲೈ ಮುಗಿಯುವುದರೊಳಗೆ ಎರಡು ಜಲಾಶಯಗಳೂ ತುಂಬಿ ತುಳುಕಿದುವು. ೨೦೨೫ರಲ್ಲಿ ಕನ್ನಂಬಾಡಿಯು ತನ್ನ ಚರಿತ್ರೆಯಲ್ಲಿ ಮೊದಲ ಬಾರಿಗೆ ಜೂನ್ ತಿಂಗಳಲ್ಲಿಯೇ ತುಂಬಿತು. ಜೂನಿನಲ್ಲಿ ತುಂಬಿದ ಕಟ್ಟೆಯು ಸಂತೋಷದ ಸಂಗತಿ. ಬಾಗಿನವನ್ನು ಅರ್ಪಿಸಿದುದೂ ಉಚಿತವೇ. ಆದರೆ ಮಳೆಗಾಲದ ಮೂರು ತಿಂಗಳು ಇನ್ನೂ ಮುಂದಿರುವಾಗ ನೆರೆಗೆ ಜಾಗವೇ ಉಳಿದಿಲ್ಲವೆಂಬುದನ್ನೂ ಆ ಸಂತೋಷದ ಜೊತೆಯಲ್ಲಿ ಎಣಿಸಬೇಕು.

ಈ ಎಲ್ಲ ಸಂಗತಿಗಳಿಂದ ಹೊರಡುವ ನಿರ್ಣಯವೇನು? ೧೯೨೪ರಂತಹ ಮಳೆಯು ಮತ್ತೆ ಬಾರದೆಂದು ಹೇಳಲು ಯಾವ ಆಧಾರವೂ ಇಲ್ಲ. ಅದು ತುಂಬಿದ ಕಟ್ಟೆಗಳ ಮೇಲೆ ಬಂದರೆ, ನೂರು ವರ್ಷಗಳಿಂದ ಸಂಪಾದಿಸಿದ ರಕ್ಷೆಯಲ್ಲಿ ಬಹುಭಾಗವು ಕೆಲಸಕ್ಕೆ ಬಾರದು. ಅಂದು ಬಯಲಾಗಿದ್ದ ದಡಗಳಲ್ಲಿ ಇಂದು ಜನವಸತಿಯಿದೆ. ಹಾಗೆಯೇ ಅನಾವೃಷ್ಟಿಯ ವರ್ಷವೂ ತಪ್ಪದೆ ಬರುತ್ತದೆ. ಅಂದಿಗಿಂತ ಇಂದು ಆ ನೀರನ್ನು ಎದುರುನೋಡುವ ಬಾಯಿಗಳು ಹೆಚ್ಚು. ಎರಡು ರಾಜ್ಯದವರೂ ಬರದ ವರ್ಷದಲ್ಲಿ ಮಾತ್ರ ಒಬ್ಬರನ್ನೊಬ್ಬರು ನೆನೆಯುವುದು ರೂಢಿಯಾಗಿದೆ. ಒಳ್ಳೆಯ ಮಳೆಯ ವರ್ಷದಲ್ಲಿಯೇ ಕೂಡಿ ಕುಳಿತು, ಮೇಲಣ ಕಟ್ಟೆಯಲ್ಲಿ ಎಷ್ಟು ನೀರನ್ನು ಯಾವಾಗ ಬಿಟ್ಟು ಜಾಗ ಮಾಡಬೇಕು, ಹಾಗೆ ಬಿಟ್ಟ ನೀರು ಕೆಳಗಣ ಕಟ್ಟೆಯಲ್ಲಿ ಯಾರ ಲೆಕ್ಕಕ್ಕೆ ಸೇರಬೇಕು, ಮಳೆ ಕೈಕೊಟ್ಟರೆ ನಷ್ಟವನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳುವುದು ಇವರ ಮುಂದಿರುವ ಕಾರ್ಯ. ಅದರ ಜೊತೆಗೆ ಹೂಳು ತುಂಬಿದ ಕೆರೆಗಳನ್ನು ತೋಡಿಸಿ, ಅಂತರ್ಜಲವನ್ನು ಮಿತದಲ್ಲಿ ಬಳಸಿ, ಕೊಡಗಿನ ಇಳಿಜಾರುಗಳನ್ನು ಕಡಿಯದೆ ಬಿಟ್ಟರೆ, ಬೇಸಗೆಯ ಹೊಳೆಗೆ ಸ್ವಲ್ಪ ಒಸರೂ ಮಳೆಗಾಲದ ಹೊಳೆಗೆ ಸ್ವಲ್ಪ ತಾಳ್ಮೆಯೂ ಬರುವುದು.

ಕಲ್ಲಣೆಯನ್ನು ಕಟ್ಟಿದವರಿಗೆ ಟಿ.ಎಂ.ಸಿ.ಯ ಲೆಕ್ಕವು ತಿಳಿದಿರಲಿಲ್ಲ. ಆದರೆ ನೆರೆಗೂ ಬೆಳೆಗೂ ಬೇರೆ ಬೇರೆ ದಾರಿ ಬೇಕೆಂಬುದು ತಿಳಿದಿದ್ದಿತು. ಮುಂದಿನ ಕರಾರನ್ನು ಬರೆಯುವವರು ಬರದ ಪಾಲಿಗೆ ಒಂದು ಪುಟವನ್ನು ಮೀಸಲಿಟ್ಟಂತೆ ನೆರೆಯ ಪಾಲಿಗೂ ಒಂದು ಪುಟವನ್ನು ಮೀಸಲಿಡುವುದು ಒಳ್ಳೆಯದು.